ಫಟಫಟಿ ಕೆಮ್ಮಿದ ಮಧ್ಯಾಹ್ನ

ಕಳ್ಳನೇ ಇರಬಹುದೇ ಇವನು?

ಇಲ್ಲ... ಕಳ್ಳನಾದವನು ಒಂದು ತಿರುಪನ್ನು ಅಷ್ಟು ಮೆತ್ತಗೆ, ಎಳೆ ಕೂಸಿನ ಕಿವಿಯ ಓಲೆ ತಿರುವಿದ ಹಾಗೆ ಬಿಗಿಯುತ್ತಾನೆಯೇ? ಆದರೆ ಈಗಷ್ಟೇ ಕಣ್ಣಾರೆ ಕಂಡದ್ದು? ಎಂಜಿನ್ನಿನ ಪಕ್ಕದಿಂದ ಏನೋ ಸಣ್ಣದನ್ನು ಎಳೆದು, ಹಿಂದೆ ಮುಂದೆ ನೋಡಿ ಕಿಸೆಗೆ ಇಳಿಸಿದ್ದು ಸುಳ್ಳೇ?

ಪರದೆಯ ಸೀಳಿಗೆ ಕಣ್ಣು ಹಚ್ಚಿ ನಿಂತಿದ್ದ ಅಮೀರುನ್ನಿಸಾ ಸೀಳನ್ನು ಬೆರಳಿನಿಂದ ಇನ್ನಷ್ಟು ಅಗಲಿಸಿದಳು.

"ನಾಳೆ ಬರ್ತೇನಿ ಮಾಮು," ಎಂದ ಗೌಸಮೊಹಿದ್ದೀನ, ಕೈಯ ಎಣ್ಣೆಯನ್ನು ಚಿಂದಿಗೆ ಒರೆಸುತ್ತ.

"ನಾಳೆರೆ ಚಾಲೂ ಆಗ್ತದೇನೋ ಬೇಟಾ?" ಹೊರಸಿನ ಮೇಲಿಂದ ಅಬ್ಬಾನ ದನಿ.

"ಇನ್ನೊಂದಿಷ್ಟು ಕೆಲಸ ಅದ್ರಿ."

ಇನ್ನೊಂದಿಷ್ಟು... ಇನ್ನೊಂದಿಷ್ಟು! ಚಳಿ ಹೋಗಿ ಬಿಸಿಲು ಬಂದರೂ ಇವನ ಬಾಯಲ್ಲಿ ಅದೊಂದೇ ಮಾತು.

ಅದು 1948ರ ಬೇಸಿಗೆ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಅವರ ಊರು ಜೇವರ್ಗಿಗೆ ಇನ್ನೂ ಬಂದಿರಲಿಲ್ಲ. ನಿಜಾಮರ ಸೀಮೆ ಯಾರ ಕಡೆ ಹೋಗುತ್ತದೋ ಯಾರಿಗೂ ತಿಳಿಯದು. ನಿಜಾಮರ ಪರ ಬಂದೂಕು ಹಿಡಿದ ದಳಗಳು ಊರೂರು ತಿರುಗುತ್ತಿದ್ದವು. ಯಾರ ಮನೆಯಲ್ಲಿ ಕುದುರೆ ಇದೆ, ಯಾರ ಮನೆಯಲ್ಲಿ ಗಟ್ಟಿ ಮೈಯ ಹುಡುಗ ಇದ್ದಾನೆ ಎಂದು ಕೇಳುತ್ತಿದ್ದವು. ಕೇಳಿದ್ದನ್ನು ಒಯ್ಯುತ್ತಿದ್ದವು.

ಅಂಥ ದಿನಗಳಲ್ಲಿ ಅಮೀರುನ್ನಿಸಾಳ ಅಬ್ಬಾ ಮಲಂಗಸಾಬನಿಗೆ ತನ್ನ ಫಟಫಟಿಯ ಹುಚ್ಚು ಹಿಡಿದಿತ್ತು.

ಭೀಮಾ ನದಿಯ ಅಳತೆಗೆ ಬಂದಿದ್ದ ದೊರೆಯೊಬ್ಬ ತನ್ನ ಊರಿಗೆ ಹೋಗುವಾಗ ಡ್ರೈವರ್ ಮಲಂಗಸಾಬನಿಗೆ ಕೊಟ್ಟುಹೋದ ಮೋಟಾರ್ ಸೈಕಲ್ಲು ಅದು. ಹತ್ತು ವರ್ಷದಿಂದ ಅಂಗಳದ ಮೂಲೆಯಲ್ಲಿ ತೊಗರಿ ಕಟ್ಟಿಗೆಯ ಕೆಳಗೆ ಸತ್ತು ಬಿದ್ದಿತ್ತು. ಮಲಂಗಸಾಬನ ಬಲಮೈಗೆ ಲಕ್ವಾ ಹೊಡೆದ ಮೇಲೆ ಅವನು ಕೇಳಿದ್ದು ಒಂದೇ: "ಒಮ್ಮೆ ಅದರ ಸಪ್ಪಳ ಕೇಳಬೇಕು ನಾನು."

ಆಗ ಬಂದವನು ಗೌಸ. ನೆಲೋಗಿಯವನು. ಕಲಬುರ್ಗಿಯ ಮೋಟಾರು ಶೆಡ್ಡಿನಲ್ಲಿ ಕೆಲಸ ಕಲಿತು, ಗಲಾಟೆಗೆ ಶೆಡ್ಡು ಮುಚ್ಚಿದ ಮೇಲೆ ಜೇವರ್ಗಿಯ ಅಕ್ಕನ ಮನೆಯಲ್ಲಿದ್ದ.

ಮೊದಲ ದಿನವೇ ಅವನು ಪರದೆಯ ಕೆಳಗೆ ಕೈ ಚಾಚಿದ್ದ. "ಅಮ್ಮೀ, ಹರಕು ಅರಬಿ ಇದ್ರ ಕೊಡ್ರಿ."

ಅಮ್ಮೀ ಹಜರಾಬಿ ಒಲೆಯ ಮುಂದಿದ್ದಳು. ಬಟ್ಟೆ ಕೊಟ್ಟ ಕೈ ಅಮೀರುನ್ನಿಸಾಳದು. ಬಳೆಯ ಸದ್ದಿಗೆ ಅವನಿಗೆ ಗೊತ್ತಾಗಿರಬೇಕು. ಅವನ ಕೈ ತಟ್ಟನೆ ಹಿಂದೆ ಸರಿಯಿತು. ಬಟ್ಟೆ ನೆಲಕ್ಕೆ ಬಿತ್ತು. ಇಬ್ಬರೂ ಎಷ್ಟೋ ಹೊತ್ತು ಅದನ್ನು ಎತ್ತಲಿಲ್ಲ!

ಆಮೇಲೆ ದಿನಕ್ಕೊಂದು ಕೆಲಸ. ಗೋಣಿತಟ್ಟಿನ ಮೇಲೆ ಬಿಡಿಭಾಗಗಳನ್ನು ಬಿಚ್ಚಿದ ಸಾಲಿನಲ್ಲೇ ಹರವುತ್ತಿದ್ದ. ಒಂದನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಕೂಡಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಹಿತ್ತಾಳೆಯ ಭಾಗಗಳ ಹಸಿರು ಕಿಲುಬು ಮಾತ್ರ ಅವನಿಗೆ ಬಗ್ಗಲಿಲ್ಲ. ಅವನ್ನು ಪರದೆಯ ಒಳಗೆ ಎಳೆದುಕೊಂಡು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಕೊಟ್ಟವಳು ಅಮೀರುನ್ನಿಸಾ.

"ಮುಖಾ ಕಾಣಸ್ತದಲ್ಲ ಇದರಾಗ!" ಎಂದಿದ್ದ ಅವನು.

ಯಾರ ಮುಖ? ಅವಳು ಕೇಳಲಿಲ್ಲ. ಆದರೆ ಆ ಇಡೀ ದಿನ ಅವಳ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ.

ಅಬ್ಬಾ ಹೊರಸಿನಿಂದ ಒಂದೊಂದು ಭಾಗದ ಹೆಸರು, ಕೆಲಸ ಹೇಳುತ್ತಿದ್ದ. ಅವಳು ಒಳಗಿನಿಂದಲೇ ಎಲ್ಲವನ್ನೂ ಕಲಿತಳು. ಕಿಡಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿದು ಹೋಗುತ್ತದೆ, ನಡುವೆ ಅದನ್ನು ದಾಟಿಸುವ ಕಾರ್ಬನ್ನಿನ ತುಂಡು ಎಷ್ಟು ಸಣ್ಣದು... ಸ್ಲೇಟು ಬಳಪದ ಮುರುಕಿನಷ್ಟು!

ಆ ತುಂಡನ್ನೇ ಇವತ್ತು ಅವನು ಕಿಸೆಗೆ ಹಾಕಿಕೊಂಡಿದ್ದ.

*

ಮರುದಿನ ಬೆಳಿಗ್ಗೆ ಗೋಡೆಯ ಆ ಕಡೆಯಿಂದ ಸುಮಿತ್ರಾಬಾಯಿ ಹೆಪ್ಪಿಗೆ ಮಜ್ಜಿಗೆ ಕೇಳಲು ಇಣುಕಿದಳು.

"ಏನಬೇ ಅಮೀರಾ, ನಿಮ್ಮ ಮಿಸ್ತ್ರಿ ಫಟಫಟಿ ರಿಪೇರಿ ಮಾಡ್ತಾನೋ, ದಿನಾ ಅದಕ್ಕ ಎಣ್ಣಿ ಹಚ್ಚಿ ಜಳಕಾ ಮಾಡಸ್ತಾನೋ? ಬಾಣಂತಿಗೂ ಇಷ್ಟು ಉಪಚಾರ ಇಲ್ಲವಾ!"

"ಹಳೇ ಗಾಡಿ ಅದ ಕಾಕೂ..."

"ಹೌದವ್ವಾ. ಮತ್ತ ನಿನ್ನಿ ಪೇಟ್ಯಾಗ ಆ ರಸೂಲನ ಜೋಡಿ ನಿಂತು ಚಹಾ ಕುಡಿಯಾಕತ್ತಿದ್ದ. ನಮ್ಮನಿಯವರೇ ನೋಡ್ಯಾರ." ಅವಳ ದನಿ ಇಳಿಯಿತು. "ಜ್ವಾಕಿ ಮಗಳೇ."

ರಸೂಲ! ಊರ ದಳದ ಮುಂದಾಳು. ಅವನ ಹೆಸರು ಕೇಳಿದರೆ ಸುಮಿತ್ರಾಬಾಯಿಯ ಮನೆಯಲ್ಲೂ ಬಾಗಿಲು ಹಾಕುತ್ತಿದ್ದರು, ಇವರ ಮನೆಯಲ್ಲೂ.

ಅಂದರೆ... ಗಾಡಿಯ ಒಂದೊಂದೇ ಭಾಗ ರಸೂಲನ ಕೈ ಸೇರುತ್ತಿದೆಯೇ? ಅಬ್ಬಾನ ಕಣ್ಣೆದುರೇ?

ಗೌಸ ಬಂದು ಕರಿ ಕೋಟನ್ನು ಗೂಟಕ್ಕೆ ಹಾಕಿ ಕೆಲಸಕ್ಕೆ ಕೂತ. ಅವಳು ತಡೆಯಲಾರದೆ ಪರದೆಯ ಹತ್ತಿರ ಬಂದಳು.

"ಒಂದು ಮಾತು ಕೇಳ್ಲೇನ್ರಿ?"

"ಕೇಳ್ರಿ."

"ರಸೂಲನ ಜೋಡಿ ಚಹಾ ಕುಡದ್ರಂತ?"

ಒರೆಸುತ್ತಿದ್ದ ಕೈ ನಿಂತಿತು. "ಕುಡದೀನಿ."

"ಏನಂದ?"

"ಗಾಡಿ ಯಾವಾಗ ಆಗ್ತದ ಅಂದ. ಇನ್ನೂ ಕೆಲಸ ಅದ ಅಂದೆ."

"ನಮ್ಮ ಗಾಡಿ ಸುದ್ದಿ ಅವಗ್ಯಾಕ್ರಿ?"

ಗೌಸ ಬಾಗಿಲ ಕಡೆ ನೋಡಿದ. ಗೋಡೆಯ ಕಡೆ ನೋಡಿದ. ಮತ್ತೆ ಒರೆಸತೊಡಗಿದ.

"ಅಬ್ಬಾ ದಿನಾ ಇಳದು ಹೋಗಾಕತ್ತಾರ. ಅವರು ಮಣ್ಣಾಗ ಹೋದ ಮ್ಯಾಲ ಚಾಲೂ ಮಾಡ್ತೀರೇನ್ರಿ?"

"ಅವಸರ ಮಾಡಬ್ಯಾಡ್ರಿ..." ಎಂದ ಅವನು. ಅಷ್ಟೇ!

ಇಷ್ಟು ದಿನ ಈ ಮೌನವನ್ನೇ ನಾನು ಒಳ್ಳೆಯತನ ಎಂದುಕೊಂಡೆನಲ್ಲ! ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಳು ಬಂತು.

ಮಧ್ಯಾಹ್ನ ಅವನು ನಮಾಜಿಗೆ ಹೋದ. ಅಬ್ಬಾನಿಗೆ ಜೋಂಪು ಹತ್ತಿತ್ತು. ಕರಿ ಕೋಟು ಗೂಟದಲ್ಲೇ ಇತ್ತು.

ಅವಳು ಸೆರಗು ಬಿಗಿದು ಹೊರಗೆ ಬಂದಳು. ಕಿಸೆಗೆ ಕೈ ಹಾಕಿದಳು. ಚಿಂದಿಯಲ್ಲಿ ಸುತ್ತಿದ ಕಾರ್ಬನ್ ತುಂಡು... ಇತ್ತು! ಎಂಜಿನ್ನಿನ ಪಕ್ಕದ ಕ್ಲಿಪ್ಪು ಸರಿಸಿ, ಅಬ್ಬಾ ಹೇಳುತ್ತಿದ್ದ ಹಾಗೆಯೇ ಅದನ್ನು ಒಳಗೆ ಕೂಡಿಸಿ ಮತ್ತೆ ಮುಚ್ಚಿದಳು.

ಸಂಜೆ ಕಿಸೆ ನೋಡಿಕೊಳ್ಳಲಿ. ಈ ಮನೆಗೂ ಕಣ್ಣಿವೆ ಎಂದು ತಿಳಿಯಲಿ!

*

ಗೌಸ ಒಬ್ಬನೇ ಬರಲಿಲ್ಲ. ಅವನ ಹಿಂದೆಯೇ ರಸೂಲ, ಅವನ ಹಿಂದೆ ಬಂದೂಕಿನ ಇಬ್ಬರು.

"ಸಲಾಂ ಮಲಂಗ ಚಾಚಾ! ನಿನ್ನ ಕುದುರಿ ನೋಡಾಕ ಬಂದೆ." ರಸೂಲ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. "ವಾಹ್! ಮದುಮಗನಂಗ ಮಿಂಚಾಕತ್ತದ. ಲೇ ಗೌಸ, ಇನ್ನೇನು ಉಳದದಲೇ?"

"ಪೆಟ್ರೋಲ್ ಸಿಗವಲ್ದು ಭಾಯಿ."

"ಗೊತ್ತಿತ್ತು ನೀ ಇದನ್ನೇ ಅಂತೀ ಅಂತ." ರಸೂಲ ನಕ್ಕು ಬೆರಳು ಆಡಿಸಿದ. ಒಬ್ಬ ಚೀಲದಿಂದ ಶೀಸೆ ತೆಗೆದು ಟಾಕಿಗೆ ಸುರಿದ. "ಹೂಂ, ಒದಿ. ಚಾಲೂ ಆತಂದ್ರ ಗಾಡಿನೂ ಬೇಕು, ನೀನೂ ಬೇಕು. ಆಳಂದದಿಂದ ಅಫಜಲಪುರದ ಮಟ ಗಡಿ ಊರಿಗೆಲ್ಲಾ ಸುದ್ದಿ ಒಯ್ಯಾಕ ಒಬ್ಬ ಬೇಕಾಗ್ಯಾನ. ಹೋದವರು ಇಬ್ಬರೂ ತಿರುಗಿ ಬಂದಿಲ್ಲ."

ಪರದೆಯ ಹಿಂದೆ ಅಮೀರುನ್ನಿಸಾಳ ಕಿವಿಯಲ್ಲಿ ಒಂದೇ ಮಾತು ಉಳಿಯಿತು.

ಗಾಡಿನೂ ಬೇಕು, ನೀನೂ ಬೇಕು...

ಗೌಸ ನಿಶ್ಚಿಂತೆಯಿಂದ ಗಾಡಿಯ ಬಳಿ ಹೋದ. ಮೈಯ ಬಲವೆಲ್ಲ ಹಾಕಿ ಕಿಕ್ ಒದ್ದ.

ಎಂಜಿನ್ ಕೆಮ್ಮಿತು!

ಒಂದೇ ಒಂದು ಸಲ. ಢಬ್ ಎಂದು ಹೊಗೆ ಹಾರಿತು. ಮಾಳಿಗೆಯ ಪಾರಿವಾಳಗಳು ಪಟಪಟ ಎದ್ದವು. ಅಬ್ಬಾನ ಅರ್ಧ ಮುಖ ನಕ್ಕಿತು. ಇನ್ನರ್ಧದ ಮೇಲೆ ನೀರು ಇಳಿಯಿತು.

ಆದರೆ ಗೌಸನ ಮುಖ... ಅದು ಬೂದಿಯಾಗಿತ್ತು.

ಯಾ ಅಲ್ಲಾ! ನಾನೇನು ಮಾಡಿಬಿಟ್ಟೆ?

ಅವನು ಕದ್ದಿರಲಿಲ್ಲ. ಗಾಡಿಯನ್ನು ದಿನಾ ತಿದ್ದುತ್ತ, ಅಬ್ಬಾನ ಆಸೆಯನ್ನು ದಿನಾ ಜೀವಂತ ಇಡುತ್ತ, ಕೆಲಸ ಮುಗಿಯದಂತೆ ನೋಡಿಕೊಂಡಿದ್ದ. ಮುಗಿದ ದಿನ ಗಾಡಿಯೂ ಹೋಗುತ್ತಿತ್ತು, ಅವನೂ ಹೋಗುತ್ತಿದ್ದ. ಊರೆಲ್ಲ ಅವನನ್ನು ಕೈಲಾಗದ ಮಿಸ್ತ್ರಿ ಎಂದು ನಗುವಾಗಲೂ ಬಾಯಿ ಬಿಟ್ಟಿರಲಿಲ್ಲ.

"ಶಾಬಾಸ್! ಇನ್ನೊಂದು ಒದಿ!" ರಸೂಲ ಚಪ್ಪಾಳೆ ತಟ್ಟಿದ.

ಇನ್ನೊಂದು ಒದೆತ. ಅಷ್ಟರೊಳಗೆ...

ಅವಳು ಅಮ್ಮೀಯ ತೋಳು ಹಿಡಿದಳು. "ಅಮ್ಮೀ, ಪರದಾ ಅಂತ ಕೂಗು! ಅಬ್ಬಾಗ ನೀರು ಒಯ್ಯತೇನಿ. ಕೂಗು, ಜಲ್ದಿ!"

"ಹುಚ್ಚಿ, ಅಷ್ಟು ಗಂಡಸರ ಮುಂದ?"

"ನನ್ನ ಆಣಿ ಅದ!"

ಹಜರಾಬಿ ಮಗಳ ಕಣ್ಣು ನೋಡಿದಳು. ಮರುಕ್ಷಣ ಅವಳ ದನಿ ಅಂಗಳ ತುಂಬಿತು. "ಪರದಾ! ಮನಿ ಹೆಣ್ಮಗಳು ಹೊರಗ ಬರಾಕತ್ತಾಳ, ಮುಖಾ ತಿರಗಸ್ರಿ!"

ಬಂದೂಕಿನವರು ಗೋಡೆಗೆ ತಿರುಗಿದರು. ರಸೂಲ ಗೊಣಗುತ್ತ ತಿರುಗಿದ. ಹಿರಿಯನ ಮನೆಯ ಪರದೆಗೆ ಅವನೂ ಎದುರಾಡುವಂತಿರಲಿಲ್ಲ. ಗೌಸನೂ ತಿರುಗಿದ, ಹಣೆಯನ್ನು ಗೋಡೆಗೆ ಒತ್ತಿ.

ಅವಳು ಬುರ್ಕಾ ಹಾಕಿಕೊಂಡು ಹೊರಗೆ ಬಂದಳು. ಎಡಗೈಯಲ್ಲಿ ನೀರಿನ ತಂಬಿಗೆ. ಗಾಡಿಯ ಪಕ್ಕ ಬಂದು ಬಗ್ಗಿದಳು. ಕ್ಲಿಪ್ಪು... ಸರಿಯಲಿಲ್ಲ! ಬೆವರಿದ ಬೆರಳು ಜಾರಿತು. ಮತ್ತೆ ಒತ್ತಿದಳು. ಸರಿಯಿತು. ತುಂಡು ಅಂಗೈಗೆ ಬಂತು. ಮುಚ್ಚಿದಳು.

"ಆತೇನಬೇ?" ಗೋಡೆಗೆ ಮುಖ ಮಾಡಿಯೇ ರಸೂಲ ಕೇಳಿದ.

ಅವಳು ಅಬ್ಬಾನ ಬಾಯಿಗೆ ತಂಬಿಗೆ ಹಿಡಿದಿದ್ದಳು. ತಂದೆಗೆ ಪರದೆ ಇಲ್ಲವಲ್ಲ! ಮಲಂಗಸಾಬ ಎಲ್ಲವನ್ನೂ ನೋಡಿದ್ದ. ಅವನ ಕಣ್ಣು ಮಗಳ ಮುಚ್ಚಿದ ಮುಷ್ಟಿಯ ಮೇಲೆ ನಿಂತಿತು. ನಿಧಾನವಾಗಿ ನೀರು ಕುಡಿದ.

ಅವಳು ಒಳಗೆ ಹೋದ ಮೇಲೆ ಗೌಸ ಒದ್ದ. ಎಂಜಿನ್ ಉಸಿರೆತ್ತಲಿಲ್ಲ. ಮತ್ತೆ ಒದ್ದ. ಮತ್ತೆ. ಮೊಣಕಾಲು ಕುಸಿಯುವವರೆಗೂ ಒದ್ದ.

"ಸಾಕು ಬಿಡಲೇ!" ರಸೂಲ ಉಗುಳಿದ. "ಗಾಡಿನೂ ಮುರಕು ಮೋಡಕಾ, ಮಿಸ್ತ್ರಿನೂ ಮೋಡಕಾ. ನನ್ನ ಪೆಟ್ರೋಲ್ ಹಾಳು!"

ಬಾಗಿಲ ಆಚೆ ಬೂಟುಗಳ ಸದ್ದು ಕರಗಿತು.

*



ಗೌಸ ಎದ್ದು ಕೋಟಿನ ಕಿಸೆಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಅವನು ಮೆಲ್ಲಗೆ ಪರದೆಯ ಕಡೆ ತಿರುಗಿದ.

ಈಗ ಕೇಳುತ್ತಾನೆ... ಅಮೀರುನ್ನಿಸಾ ಕಣ್ಣು ಮುಚ್ಚಿದಳು.

ಅಡುಗೆಮನೆಯ ಬಾಗಿಲಿಗೆ ಬಂದ ಹಜರಾಬಿಯೇ ಕೇಳಿದಳು. "ನಿನ್ನ ಗಾಡಿ ಇವತ್ತೇ ಯಾಕಪ್ಪಾ ಕೆಮ್ಮಿತು? ನಮ್ಮ ಜೀವಾ ಹೋಗಿತ್ತಲ್ಲ!"

"ಒಂದು ತುಂಡು ಹೊರಗ ತಗದಿಟ್ಟಿರತೇನ್ರಿ ಅಮ್ಮೀ," ಎಂದ ಗೌಸ. ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಇವತ್ತು ಮರತು ಅದರಾಗೇ ಬಿಟ್ಟಿದ್ದೆ. ತಪ್ಪು ನಂದು."

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಸದ್ದಾಗದ ಹಾಗೆ.

ಪರದೆಯ ಕೆಳಗಿನಿಂದ ಅವಳ ಕೈ ಹೊರಗೆ ಬಂತು. ಅಂಗೈಯಲ್ಲಿ ಕಾರ್ಬನ್ ತುಂಡು. ಅವನು ಅದನ್ನು ಎತ್ತಿಕೊಂಡ. ಒಂದು ಬೆರಳು ಮಾತ್ರ, ಹಗುರಾಗಿ, ಅವಳ ಅಂಗೈಗೆ ತಾಗಿತು.

"ನಾನು... ಗೌಸ, ನಾನೇ..."

"ಒಂದು ವಾಟಗಾ ನೀರು ಕೊಡ್ರಿ. ಬಾಯಿ ಒಣಗೇದ."

ಹೊರಸಿನಿಂದ ಅಬ್ಬಾ ತೊದಲಿದ. "ಬೇಟಾ, ನನಗ ಅದರ ಸಪ್ಪಳ ಬ್ಯಾಡ. ನೀ ಇರು, ಸಾಕು."

"ಕೆಲಸ ನಿಲ್ಲಸೂದು ಬ್ಯಾಡ ಮಾಮು. ನಾಳೆ ಬರ್ತೇನಿ. ಇನ್ನೊಂದಿಷ್ಟು ಅದ."

ಮಲಂಗಸಾಬ ನಕ್ಕ. ಅವತ್ತಿನಿಂದ ಆ ಮಾತಿಗೆ ಆ ಮನೆಯಲ್ಲಿ ಯಾರೂ ಬೇಸರಪಡಲಿಲ್ಲ.

*

ಸೆಪ್ಟೆಂಬರಿನಲ್ಲಿ ಭಾರತದ ಫೌಜು ಬಂತು. ರಸೂಲ ಎತ್ತ ಓಡಿಹೋದನೋ! ಆದರೆ ಭಯ ಹೋಗಲಿಲ್ಲ, ದಿಕ್ಕು ಬದಲಿಸಿತು; ದಳಗಳ ಮೇಲಿನ ಸೇಡನ್ನು ಜನ ಎಲ್ಲ ಮುಸಲ್ಮಾನರ ಮೇಲೆ ತೀರಿಸಲು ಹೊರಟಿದ್ದರು. ಈಗ ಬಾಗಿಲು ಹಾಕಿಕೊಂಡು ಕೂತವರು ಇವರು ಮಾತ್ರ. ಸುಮಿತ್ರಾಬಾಯಿ ದಿನಾ ಇವರ ಕಟ್ಟೆಗೇ ಬಂದು ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. "ನಮ್ಮ ಕಟ್ಟಿಗೆ ಬಿಸಿಲವ್ವಾ," ಎನ್ನುತ್ತಿದ್ದಳು. ಬಿಸಿಲು ಎರಡೂ ಕಟ್ಟೆಗೆ ಒಂದೇ ಇತ್ತು.

ಚಳಿ ಬರುವ ಹೊತ್ತಿಗೆ ಊರು ಉಸಿರಾಡಿತು. ಗೌಸನ ಅಕ್ಕ ಬಂದು ಹೆಣ್ಣು ಕೇಳಿದಳು.

ನಿಕಾಹ್ ಆದ ಮರುದಿನ ಅಂಗಳದಲ್ಲಿ ಫಟಫಟಿ ಮೊದಲ ಸಲ ಪೂರ್ತಿ ಬಾಯಿಬಿಟ್ಟಿತು. ಮಲಂಗಸಾಬ ಕಣ್ಣು ಮುಚ್ಚಿ, ಎಡಗೈಯಿಂದ ಹೊರಸಿನ ಪಟ್ಟಿಯ ಮೇಲೆ ತಾಳ ಹಾಕುತ್ತ ಕೇಳಿದ. ಪೆಟ್ರೋಲ್ ತೀರುವವರೆಗೂ ಯಾರೂ ಅದನ್ನು ನಿಲ್ಲಿಸಲಿಲ್ಲ.

ಸದ್ದು ಅಡಗಿದ ಮೇಲೆ ಅಮೀರುನ್ನಿಸಾ ಗಂಡನ ಪಕ್ಕ ಬಂದು ನಿಂತಳು. ನಡುವೆ ಈಗ ಪರದೆ ಇರಲಿಲ್ಲ. ಅದೇ ಕಷ್ಟವಾಗಿತ್ತು.

"ಒಂದು ಮಾತು ಹೇಳಬೇಕ್ರಿ. ಆ ದಿನ ಮಧ್ಯಾಹ್ನ..."

"ಯಾವ ದಿನ?"

"ಗೊತ್ತದ ನಿಮಗ. ಸುಮ್ಮ ಯಾಕ ಕೇಳ್ತೀರಿ? ಅವರು ನಿಮ್ಮನ್ನ ಒಯ್ದಿದ್ರ ನಾ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಲ್ಲೇ ಅದೀನಲ್ಲ." ಅವನು ಅವಳ ಕೆನ್ನೆಗೆ ಹತ್ತಿದ ಮಸಿಯನ್ನು ಒರೆಸಲು ಹೋಗಿ ಇನ್ನಷ್ಟು ಮಸಿ ಹಚ್ಚಿದ. "ಮರಗುಳಿ ಮಿಸ್ತ್ರಿ ನಾನು. ಊರಿಗೆಲ್ಲಾ ಗೊತ್ತದ. ನೀನೂ ಹಂಗೇ ಅನ್ನು."

"ಅನ್ನಂಗಿಲ್ಲ."

"ಹಂಗಾದ್ರ ಚಹಾ ಮಾಡು."

ಅವಳು ಅಳುತ್ತಲೇ ನಕ್ಕಳು. ಮುಂದೆಯೂ ಎಷ್ಟೋ ಸಲ ಅವಳು ಆ ಮಾತು ತೆಗೆದಳು. ಅಷ್ಟೂ ಸಲ ಅವನಿಗೆ ಬಾಯಾರಿಕೆಯಾಯಿತು, ಇಲ್ಲವೇ ಹೊರಗೆ ಯಾರೋ ಕರೆದಂತಾಯಿತು.

ಆ ತುಂಡನ್ನು ಗಾಡಿಗೆ ಹಾಕಿದವಳು ನೀನು ಎಂದು ಗೌಸ ಬದುಕಿರುವವರೆಗೂ ಹೇಳಲಿಲ್ಲ.