ಎಡ ಮಡಗಾರ್ಡಿನ ಮೇಲೆ ನೀರು

ಬೆನ್ನಿಗೆ ಬಂದೂಕಿನ ನಳಿಗೆ ಒತ್ತಿದಾಗ ನನ್ನ ಕೈಯಲ್ಲಿದ್ದ ಆಯುಧ ಒಂದು ತಂಬಿಗೆ ನೀರು.

ಗಜೇಂದ್ರಗಡ. ಅರ್ಜುನಪ್ಪ ಸಾಹುಕಾರನ ಕಾರ್ ಶೆಡ್ಡು. ಮಟಮಟ ಮಧ್ಯಾಹ್ನ.

"ಯಾಂವಲೇ ನೀ?"

"ಕನಕಪ್ಪರಿ, ರೋಣದಾಂವ. ಕೋರ್ಟು ಕಚೇರಿ ಕೆಲಸ ಮಾಡಿಸಿಕೊಡ್ತೀನಿ."

"ನನ್ನ ಗಾಡಿಗೆ ಯಾಕ ನೀರ ಹಾಕಾಕತ್ತೀದಿ?"

"ಹೊಳಪಿಗೆ ಮರುಳಾದೆರಿ..."

ಸಾಹುಕಾರ ನಕ್ಕ. ಬಂದೂಕು ನಗಲಿಲ್ಲ.

"ಮುಂಬೈ ವ್ಯಾಕ್ಸ್ ಅದು. ಒಮ್ಮೆ ತಿಕ್ಕಿದ್ರ ಮೂರು ತಿಂಗಳ ಹನಿ ನೀರ ನಿಲ್ಲೂದಿಲ್ಲ. ನಮ್ಮ ಡ್ರೈವರ್ ಪರಶ್ಯಾ ಸೀಮಿ ಎಣ್ಣಿ, ಕೊಬ್ಬರಿ ಎಣ್ಣಿ ಹಚ್ಚತಿದ್ದ. ಮುಂಜಾನಿ ಮಿಂಚತಿತ್ತು, ಸಂಜೀಕ ಊರ ಧೂಳೆಲ್ಲಾ ಮೆತ್ತತಿತ್ತು. ಆ ಚಟಾ ಬಿಡಿಸೀನಿ."

ಅವನು ಹೇಳಿದ್ದು ನಿಜ. ಬಲ ಮಡಗಾರ್ಡಿನ ಮೇಲೆ ನೀರು ಮಣಿಮಣಿಯಾಗಿ ಉರುಳಿಹೋಗಿತ್ತು.

ಎಡ ಮಡಗಾರ್ಡಿನ ಮೇಲೆ ಒದ್ದೆ ಅರಿವೆಯಂತೆ ಹರಡಿ ನಿಂತಿತ್ತು.

ಅಂದರೆ ಅಲ್ಲಿ ವ್ಯಾಕ್ಸ್ ಇಲ್ಲ. ಗುದ್ದಿದ ಗುರುತು ಮುಚ್ಚಿದ ಹೊಸ ಪೇಂಟು ಇದೆ. ಕೊಣ್ಣೂರು ಸೇತುವೆಯ ಮೇಲೆ ಕೂಲಿ ದುರಗಪ್ಪನನ್ನು ಹೊಳೆಗೆ ಚೆಲ್ಲಿದ್ದು ಇದೇ ಮಡಗಾರ್ಡು.

ಸಾಹುಕಾರ ಬಲಗಡೆಯಷ್ಟೇ ನೋಡಿದ. ಬಂದೂಕಿನ ಹಿಡಿಯಿಂದ ನನ್ನ ಕಿವಿಗೆ ಒಂದು ಕೊಟ್ಟ. ಓಣಿಗೆ ಬಿದ್ದೆ.

ಎತ್ತಿದವನು ಡ್ರೈವರ್ ಪರಶಪ್ಪ. ದುರಗಪ್ಪನ ಹೆಂಡತಿ ಗುಡ್ಡವ್ವನ ಖಾಸಾ ತಮ್ಮ. ಅವನು ಭಾವನ ಮಣ್ಣಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನಲ್ಲಿ ಪೇಂಟಿನ ವಾಸನೆ... ನನಗೆ ಸುದ್ದಿ ಮುಟ್ಟಿಸಿದವನೇ ಅವನು.

"ಗಾಡಿ ಎಲ್ಲೂ ಹೋಗದಂಗ ನೋಡ್ಕೋ ತಮ್ಮಾ. ನಾಳೆ ಫೌಜದಾರನ್ನ ಕರಕೊಂಡ ಬರ್ತೀನಿ."

"ಆತ್ರಿ ಯಣ್ಣಾ. ಜೀವಾ ಹೋದ್ರೂ ಬಿಡೂದಿಲ್ಲ."

ನಾನು ಗುಡ್ಡವ್ವನ ಕಡೆಯವನೆಂದು ಸಾಹುಕಾರನಿಗೆ ಯಾರೋ ಊದಿರಬೇಕು. ಅವನ ಜೀಪು ನರೇಗಲ್ ತನಕ ಬೆನ್ನು ಹತ್ತಿತು. ಅರಳೆ ಲಾರಿಯ ಗಂಟುಗಳ ನಡುವೆ ಉಸಿರು ಹಿಡಿದು ಕೂತೆ. ನರಗುಂದ ಮುಟ್ಟಿದೆ.

ಫೌಜದಾರ ಎಲೆ ಅಡಿಕೆ ಜಗಿಯುತ್ತ ಕೇಳಿದ. "ನೀರಿನ ಸಾಕ್ಷಿ ಅಂತೀಯಲ್ಲೋ... ಒಮ್ಮೆ ಬರ್ತೀನಿ. ಕಣ್ಣಿಗೆ ಕಂಡ್ರ ಕೇಸು. ಇಲ್ಲಂದ್ರ ದುರಗಪ್ಪ ಕಾಲು ಜಾರಿ ಸತ್ತ."

ಮರುದಿನ ಮುಂಜಾನೆ ಫೌಜದಾರನ ಜೊತೆ ಹೋದಾಗ ಕಾರು ಸಾಹುಕಾರನ ಬಾಗಿಲಲ್ಲೇ ನಿಂತಿತ್ತು. ಗಾಲಿಗೆ ಲಿಂಬೆಹಣ್ಣು. ಹಣೆಗೆ ವಿಭೂತಿ.

ನೀರು ಸುರಿದೆ. ಬಲಕ್ಕೆ ಮಣಿಮಣಿ.

ಎಡಕ್ಕೂ ಮಣಿಮಣಿ.

ಇನ್ನೊಮ್ಮೆ ಸುರಿದೆ... ಅಷ್ಟೇ.

ಎಣ್ಣೆ ಅರಿವೆ ಹಿಡಿದು ಪರಶಪ್ಪ ನಗುತ್ತ ನಿಂತಿದ್ದ.

"ಇವತ್ತ ಅಮಾಸಿ ಐತಲ್ರಿ ಯಣ್ಣಾ. ನಮ್ಮ ಭಾವನ್ನ ನುಂಗಿದ ಗಾಡಿ. ಇಂಥಾ ಮೈಲಿಗಿ ಗಾಡಿ ಫೌಜದಾರ ಸಾಹೇಬ್ರಿಗೆ ಹ್ಯಾಂಗ ತೋರಸೂದು? ಸೀಮಿ ಎಣ್ಣಿಲೆ ಒರಸಿ, ಮೈತುಂಬ ಕೊಬ್ಬರಿ ಎಣ್ಣಿ ತಿಕ್ಕಿ, ಪೂಜಾ ಮಾಡೀನ್ರಿ. ಸಾಹುಕಾರ್ರೂ ಬ್ಯಾಡ ಅನ್ಲಿಲ್ಲ."

"ಕೆರೆದು ನೋಡ್ರಿ ಸಾಹೇಬ್ರ," ಎಂದೆ.

"ಸಾಹುಕಾರ್ರ ಗಾಡಿ ಕೆರೀಲೋ, ನನ್ನ ನೌಕರಿ ಕೆರಕೊಳ್ಳಲೋ?"

ಸಾಹುಕಾರ ತಾನೇ ಚಹಾ ತಂದ. ನನಗೂ ಒಂದು ಕಪ್ಪು.

ಚಿಕ್ಕನರಗುಂದದಲ್ಲಿ ಗುಡ್ಡವ್ವ ಹೊಸ್ತಿಲ ಮೇಲೆ ಕೂತಿದ್ದಳು.

"ಏನಾತ್ರಿ ಯಣ್ಣಾ?"

"ನಿನ್ನ ತಮ್ಮ ಗಾಡಿ ಭಾಳ ಚಲೋ ತೊಳದಾನವ್ವಾ."