ಯಂತ್ರದ ಮೇಲಿನ ಹಸಿರು ಪೊಟ್ಟಣ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆ ಮಾಲೀಕ ಷ್ಯೂ ಗಾಂಗ್‌ಶಾನ್ ಠಾಣೆಗೆ ಏದುಸಿರು ಬಿಡುತ್ತಾ ಬಂದ. ಬೆನ್ನುಮೂಳೆಗೆ ಹಾಕುವ ಹೊಸ ವಿನ್ಯಾಸದ ಆರು ಸ್ಕ್ರೂಗಳು ಪರೀಕ್ಷಾ ಕೊಠಡಿಯಿಂದ ಕಳುವಾಗಿದ್ದವು. ಸ್ಕ್ರೂ ಮಾಡಿಯೇ ಉಂಡು ಬೆಳೆದ ಊರು ನಮ್ಮದು. ಆರೇ ಆರು ಸ್ಕ್ರೂಗೆ ದೂರು ಕೊಟ್ಟವನು ಇವನೇ ಮೊದಲಿಗ.

"ಇನ್ನೂ ಆರು ಮಾಡ್ಕೊಂಡ್ರಾಯ್ತು" ಎಂದ ಕಾನ್‌ಸ್ಟೆಬಲ್ ಗಾವ್.

"ಅದಕ್ಕೆ ತಿಂಗಳು ಬೇಕು ಕಣಯ್ಯಾ! ನಾಳೆ ಡಾಕ್ಟರ್‌ಗಳ ಮುಂದೆ ಹಳೇದು ಹೊಸದು ಎರಡನ್ನೂ ಯಂತ್ರದಲ್ಲಿ ಎಳೆದು, ಯಾವುದು ಕಿತ್ತು ಬರುತ್ತೆ ಅಂತ ನೋಡೋದಿದೆ. ಹೊಸದಿಲ್ಲ ಅಂದ್ರೆ ಹಳೇದೇ ಗತಿ. ನಮ್ಮ ಯಾನ್ ಹುಡುಗಿ ಮೂರು ವರ್ಷ ಪಟ್ಟ ಕಷ್ಟ ನೀರುಪಾಲು."

ಇನ್‌ಸ್ಪೆಕ್ಟರ್ ತ್ಸಾಯ್ ಎಫ್‌ಐಆರ್ ದಾಖಲಿಸಿ ಹೊರಟಳು. ಪಂಚನಾಮೆಯಲ್ಲಿ ಕಂಡದ್ದು ಇಷ್ಟು: ಬೀಗ ಒಡೆದಿಲ್ಲ, ಹಳೆಯ ಸ್ಕ್ರೂಗಳನ್ನು ಯಾರೂ ಮುಟ್ಟಿಲ್ಲ. ವಿನ್ಯಾಸಕಿ ಯಾನ್ ಅತ್ತೂ ಅತ್ತೂ ಕಣ್ಣು ಕೆಂಪು ಮಾಡಿಕೊಂಡಿದ್ದಳು.

"ಎರಡಕ್ಕೂ ಏನಮ್ಮ ವ್ಯತ್ಯಾಸ?"

"ಹಳೇದಕ್ಕೆ ಉದ್ದಕ್ಕೂ ಒಂದೇ ಥರದ ಥ್ರೆಡ್, ಅಂದ್ರೆ ಸುರುಳಿ ಗೆರೆ ಮೇಡಂ. ವಯಸ್ಸಾದವರ ಮೂಳೆ ಒಳಗೆ ಟೊಳ್ಳು, ಅಲ್ಲಿ ಸಡಿಲ ಆಗುತ್ತೆ. ನನ್ನದಕ್ಕೆ ತುದೀಲಿ ಅಗಲದ ಥ್ರೆಡ್, ತಲೆ ಹತ್ರ ಸಣ್ಣದು. ಹಿಡ್ಕೊಳ್ಳುತ್ತೆ."

"ಖಾತ್ರಿನಾ?"

"ಎಳೆದು ನೋಡಿದ್ರೆ ತಾನೇ ಗೊತ್ತಾಗೋದು!"

ಯಂತ್ರ ಹಟ ಮಾಡದಿರಲೆಂದು ನಮ್ಮ ಕಡೆ ಎಲ್ಲರೂ ಇಡುವ ಹಸಿರು ತಿಂಡಿ ಪೊಟ್ಟಣ ಪರೀಕ್ಷಾ ಯಂತ್ರದ ಮೇಲೂ ಇತ್ತು. ತ್ಸಾಯ್ ತಾರೀಕು ನೋಡಿದಳು. ಹೊಚ್ಚ ಹೊಸದು.

"ಇದನ್ನ ಇಟ್ಟೋರು ಯಾರು?"

ಯಾರೂ ಒಪ್ಪಲಿಲ್ಲ. ಷ್ಯೂ ತಲೆ ಕೆರೆದುಕೊಂಡ. "ಶನಿವಾರ ಇಲ್ಲಿ ಅವಧಿ ಮುಗಿದ ಪೊಟ್ಟಣ ಇತ್ತು. ಎಲ್ಲರಿಗೂ ಬೈದೆ, ಒಬ್ರೂ ಬದಲಾಯಿಸ್ಲಿಲ್ಲ. ಕೋ ಮೇಷ್ಟ್ರು ನಿವೃತ್ತರಾದ ಮೇಲೆ ಇದೇ ಗೋಳು."

ಕೋ ಎಂದರೆ ಹಳೆಯ ಸ್ಕ್ರೂ ವಿನ್ಯಾಸ ಮಾಡಿದವರು. ಯಾನ್‌ಗೆ ಗುರು.

"ಅಬ್ಬಾ, ಕಳ್ಳನಿಗೆ ಯಂತ್ರದ ಮೇಲೆ ಎಷ್ಟು ಮಮಕಾರ ನೋಡಿ ಮೇಡಂ!" ಗಾವ್ ನಕ್ಕ.

ಪೊಟ್ಟಣ ಮಾರುವ ಎದುರಿನ ಅಂಗಡಿಯಾಕೆಗೆ ಚೆನ್ನಾಗಿ ನೆನಪಿತ್ತು. "ಭಾನುವಾರ ಮಧ್ಯಾಹ್ನ ಕೋ ಅಣ್ಣ ಬಂದಿದ್ರು. ಹಸಿರಿನ ಬದಲು ಹಳದಿ ಪೊಟ್ಟಣ ಕೊಟ್ಟಿದ್ದಕ್ಕೆ ಯಂತ್ರ ಕೆಡಿಸ್ತೀಯಾ ಅಂತ ನಂಗೇ ಗದರಿದ್ರು."

ಕೋ ಮನೆಯಲ್ಲಿ ಆಡಿನ ಮಾಂಸದ ಸಾರು ಕುಡಿಯುತ್ತಿದ್ದರು. ಪೊಲೀಸರನ್ನು ನೋಡಿದ್ದೇ ಬಟ್ಟಲು ಕೆಳಗಿಟ್ಟು, ಜೇಬಿನಿಂದ ಬಟ್ಟೆಯ ಗಂಟು ತೆಗೆದರು. ಆರೂ ಇದ್ದವು.

"ಕೀಲಿ ಎಲ್ಲಿತ್ತು?"

"ನನ್ನ ಹತ್ರಾನೇ. ವಾಪಸ್ ಕೊಡಿ ಅಂತ ಯಾರೂ ಕೇಳ್ಲಿಲ್ಲ."

"ಬಿಸಾಕಲಿಲ್ಲ ಯಾಕೆ?"

"ಹೊಳೆಗೆ ಎಸೆಯೋಕೇ ಹೋಗಿದ್ದೆ. ಉಗುರಲ್ಲಿ ಥ್ರೆಡ್ ಸವರಿ ನೋಡ್ದೆ. ಎಷ್ಟು ಚೆನ್ನಾಗಿ ಮಾಡಿದ್ದಾಳಮ್ಮ! ಎಸೆಯೋಕೆ ಕೈ ಬರಲಿಲ್ಲ."

"ಮತ್ತೆ ಪೊಟ್ಟಣ?"

"ಪಾಪ, ಯಂತ್ರ ಏನ್ ತಪ್ಪು ಮಾಡಿತ್ತು?"

ಅವರನ್ನು ಬಂಧಿಸಲಾಯಿತು. ಪ್ರಾಸಿಕ್ಯೂಟರ್ ಅನುಮತಿ ಪಡೆದು ತ್ಸಾಯ್ ಸ್ಕ್ರೂಗಳನ್ನು ಕಾರ್ಖಾನೆಗೆ ಮರಳಿಸಿದಳು. ಮಂಗಳವಾರ ಬೆಳಿಗ್ಗೆ ಪರೀಕ್ಷೆ ನಡೆಯಿತು. ತ್ಸಾಯ್ ಹಿಂದೆ ನಿಂತು ನೋಡಿ, ಠಾಣೆಗೆ ಬಂದು, ಕೋ ಅವರ ಹೇಳಿಕೆ ಪಡೆಯಲು ಕೂತಳು.

ಇಷ್ಟು ವರ್ಷ ಜನರ ಬೆನ್ನನ್ನು ನೆಟ್ಟಗೆ ನಿಲ್ಲಿಸಿದ ತಮ್ಮ ಸ್ಕ್ರೂ ಮೂಲೆ ಸೇರುವುದನ್ನು ಕೋ ಸಹಿಸಲಿಲ್ಲ. ಅಷ್ಟೇ ಕಾರಣ. ಆದರೆ ಅವರು ಕೇಳಿದ್ದೇ ಬೇರೆ.

"ಯಾವುದು ಮೊದಲು ಕಿತ್ತು ಬಂತು?"

"ನಿಮ್ಮದು, ಮೇಷ್ಟ್ರೇ. ಅವಳದ್ದು ಬಿಗಿಯಾಗಿ ಹಿಡ್ಕೊಂಡಿತ್ತು."

ಮುದುಕ ಬೆನ್ನು ನೇರ ಮಾಡಿ ಕೂತರು.

"ಹೇಳಿಕೇಲಿ ಇದನ್ನೂ ಬರ್ಕೊಳ್ಳಿ. ಅವಳಿಗೆ ಕೆಲಸ ಕಲಿಸಿದೋನು ನಾನು."

ತ್ಸಾಯ್ ಬರೆದುಕೊಂಡಳು.