ಹೊಳೆಮ್ಮನ ಬಾವಿ

ಹಂಪೇಶನಿಗೆ ಹೊಳೆಮ್ಮನ ಮೇಲೆ ಸಿಟ್ಟಿರಲಿಲ್ಲ. ಅವಳ ಕೊತ್ತಂಬರಿ ಮಡಿಗಳ ಮೇಲಿತ್ತು. ಸಂಡೂರು ರಸ್ತೆಯ ಬದಿಗೆ ಅವನ ಖಾನಾವಳಿ, ಅದಕ್ಕೆ ಅಂಟಿಕೊಂಡೇ ಅವಳ ಹೊಲ. ಗಣಿಯಿಂದ ಇಳಿದು ಬರುವ ಅದಿರಿನ ಲಾರಿಗಳು ಅವನ ಚಹಾದ ವಾಸನೆಗೆ ನಿಧಾನವಾಗುತ್ತಿದ್ದವು, ನಿಲ್ಲಲು ಜಾಗ ಕಾಣದೆ ಮುಂದಿನ ಡಾಬಾಕ್ಕೆ ಹೋಗಿಬಿಡುತ್ತಿದ್ದವು.

ಹೊಲ ಕೊಡುತ್ತೀಯಾ ಎಂದು ಕೇಳಿಯೂ ನೋಡಿದ್ದ. ಹೊಳೆಮ್ಮ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಲಾರಿ ನಿಲ್ಸಾಕ ನನ್ನ ಹೊಲ ಯಾಕಪ್ಪ? ನಿನ್ನ ತಲಿಯೊಳಗ ಭಾಳ ಜಾಗ ಖಾಲಿ ಐತಲ್ಲ, ಅಲ್ಲೇ ನಿಲ್ಸು."

ಚಹಾ ಕುಡಿಯುತ್ತಿದ್ದ ಡ್ರೈವರುಗಳು ನಕ್ಕರು. ಹಂಪೇಶನೂ ನಕ್ಕ. ಆ ನಗು ಮಾತ್ರ ಅವನೊಳಗೆ ಇಳಿದು ಅಲ್ಲೇ ಕೂತಿತು.

ದಾರಿ ತೋರಿಸಿದ್ದು ಖಾನಾವಳಿಯ ಹಿಂದೆ ಇದ್ದ ಕಸದ ಗುಡ್ಡ. ಪೇಟೆಯ ಕಸವೆಲ್ಲ ಬಂದು ಬೀಳುವ ಆ ಜಾಗದ ಸುತ್ತ ಮಣ್ಣು, ಬಾವಿನೀರು ಕೆಟ್ಟಿವೆಯೇ ಎಂದು ಪರೀಕ್ಷಿಸಲು ಬಳ್ಳಾರಿಯಿಂದ ಶೈಲಶ್ರೀ ಎಂಬವಳು ಬರುತ್ತಾಳೆಂದು ಸುದ್ದಿಯಾಯಿತು. ನೀರು ಕೆಟ್ಟಿದೆ ಎಂದು ಒಮ್ಮೆ ವರದಿಯಾದರೆ ಸಾಕು, ಹೊಳೆಮ್ಮನ ಸೊಪ್ಪನ್ನು ಹೊಸಪೇಟೆಯ ಸಂತೆಯಲ್ಲಿ ದನವೂ ಮೂಸುವುದಿಲ್ಲ. ಆಗ ಅವಳೇ ಬಂದು ಹೊಲ ತಗೋ ಎನ್ನುತ್ತಾಳೆ.

ಬಾವಿಗೆ ಹನಿ ವಿಷವನ್ನೂ ಹಾಕಬೇಕಿರಲಿಲ್ಲ. ಕೆಡಬೇಕಾದದ್ದು ಬಾಟಲಿಯೊಳಗಿನ ನೀರು ಮಾತ್ರ. ತನ್ನ ಯೋಜನೆಯ ಈ ಸಭ್ಯತೆ ಅವನಿಗೆ ಬಹಳ ಹಿಡಿಸಿತು.

ಗುಡ್ಡದ ಬುಡದಲ್ಲಿ ಒಸರುವ ಕರಿ ರಸವನ್ನು ಬಟ್ಟೆಯಲ್ಲಿ ಸೋಸಿ, ಬಣ್ಣ ಕಳೆಯುವವರೆಗೆ ನೀರು ಬೆರೆಸಿ ಕ್ಯಾನಿನಲ್ಲಿಟ್ಟ. ಗುಡ್ಡಕ್ಕೆ ಹತ್ತಿರದಲ್ಲಿ ಊಟ ಸಿಗುವುದು ತನ್ನಲ್ಲೇ. ಜೀಪು ನಿಲ್ಲುವುದು ಹಿತ್ತಲಲ್ಲಿ, ತನ್ನ ಬಾವಿಯ ಪಕ್ಕದ ಬೇವಿನ ನೆರಳಲ್ಲಿ. ಶೈಲಶ್ರೀಗೂ ಅವಳ ಡ್ರೈವರನಿಗೂ ಹಿತ್ತಲಿಗೆ ಬೆನ್ನಾಗುವಂತೆ ಎಲೆ ಹಾಕಿಸಬೇಕು. ಅಡುಗೆಯ ಹುಸೇನಮ್ಮನಿಗೆ ಎಣ್ಣೆಗಾಯಿ ಮಾಡಲು ಹೇಳಿದ. ಎಣ್ಣೆಗಾಯಿ ಬಿಟ್ಟು ನಡುವೆ ಏಳುವವರನ್ನು ಅವನು ಕಂಡಿರಲಿಲ್ಲ.

ಎಲ್ಲವೂ ಹಾಗೆಯೇ ನಡೆಯಿತು. ಶೈಲಶ್ರೀ ಕುರಿ ಕಾಯುವ ಭರಮಣ್ಣನನ್ನು ಜೊತೆಗೆ ಕರೆದುಕೊಂಡು ಬೆಳಗ್ಗೆಯೆಲ್ಲ ಸುತ್ತಾಡಿ, ಮಣ್ಣು ನೀರು ತುಂಬಿಕೊಂಡು ಊಟಕ್ಕೆ ಬಂದಳು.

"ಮೇಡಮ್ಮಾರಿಗೆ ಇನ್ನೊಂದು ರೊಟ್ಟಿ ಹಾಕಬೇ."

"ಬ್ಯಾಡ್ರಿ, ಸಾಕು."

"ಊರ ಮಣ್ಣು, ನೀರು ಎಲ್ಲಾ ತಗೊಂಡೀರಿ. ರೊಟ್ಟಿ ಒಂದ ಬ್ಯಾಡಂದ್ರ ಹೆಂಗ್ರಿ?"

ಅವಳು ನಕ್ಕು ಎಲೆಯ ಮೇಲಿಂದ ಕೈ ತೆಗೆದಳು. ಹಂಪೇಶ ಮಜ್ಜಿಗೆ ತರುತ್ತೇನೆಂದು ಹಿತ್ತಲಿಗೆ ಹೋದ.

ಪೆಟ್ಟಿಗೆಗೆ ಬೀಗವಿರಲಿಲ್ಲ. ಬಾಟಲಿಗಳ ಮೇಲೆ ದುಂಡನೆಯ ಅಕ್ಷರದಲ್ಲಿ ಹೆಸರುಗಳಿದ್ದವು. ಅವನಿಗೆ ಬೇಕಾದದ್ದು ಒಂದೇ: ಹೊಳೆಮ್ಮನ ಬಾವಿ. ಅದನ್ನು ಬೇವಿನ ಬುಡಕ್ಕೆ ಸುರಿದ, ಕ್ಯಾನಿನಿಂದ ತುಂಬಿದ, ಮುಚ್ಚಳ ಬಿಗಿದ, ಹೆಗಲ ವಸ್ತ್ರದಿಂದ ಒರೆಸಿ ಇದ್ದಲ್ಲೇ ಇಟ್ಟ. ಮಜ್ಜಿಗೆಗೆ ಕರಿಬೇವು ಹಾಕುವುದನ್ನೂ ಮರೆಯಲಿಲ್ಲ.

ವರದಿ ಬರುವವರೆಗೆ ಅವನು ಹೊಳೆಮ್ಮನ ಜೊತೆ ಬಹಳ ಪ್ರೀತಿಯಿಂದ ಮಾತಾಡಿದ. ಅವಳಿಂದ ಕೊತ್ತಂಬರಿಯನ್ನೂ ಕೊಂಡ. ಸಂಜೆ ಒಬ್ಬನೇ ಕೂತು, ಆ ಮಡಿಗಳ ಮೇಲೆ ಲಾರಿಗಳನ್ನು ಒಂದೊಂದಾಗಿ ತಂದು ನಿಲ್ಲಿಸುತ್ತಿದ್ದ.

ಬೋರ್ಡು ಹೊತ್ತವರು ಒಂದು ಬೆಳಗ್ಗೆ ಬಂದರು. ಹೊಳೆಮ್ಮನ ಹೊಲ ದಾಟಿದರು, ಖಾನಾವಳಿಯ ಹಿತ್ತಲಿಗೆ ನಡೆದು ಹಂಪೇಶನ ಬಾವಿಯ ಕಟ್ಟೆಗೇ ಅದನ್ನು ಜಡಿದರು: ಈ ನೀರು ಕುಡಿಯಲು, ಅಡುಗೆಗೆ ಯೋಗ್ಯವಲ್ಲ. ಒಲೆ ಆರಿಸಿ, ಬಾಗಿಲು ಹಾಕಿ ಎಂದರು. ರಸ್ತೆಯಲ್ಲಿ ಡ್ರೈವರುಗಳು ಸುದ್ದಿ ಕೇಳಿ ಚಹಾ ಚೆಲ್ಲುತ್ತಿದ್ದರು. ಕೆಟ್ಟ ಬಾಟಲಿ ಒಂದೇ, ಅದನ್ನು ಕೆಡಿಸಿದ್ದು ತಾನೇ; ತನ್ನ ಬಾವಿಯ ನೀರು ಚೆನ್ನಾಗಿದೆ ಎಂದು ಅವನಷ್ಟು ಖಚಿತವಾಗಿ ಬಲ್ಲವರು ಇರಲಿಲ್ಲ. ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ಹೇಳುವಂತಿರಲಿಲ್ಲ. "ಕೆಟ್ಟಿದ್ದು ಹೊಳೆಮ್ಮನ ಬಾವಿ ಅಲ್ಲೇನ್ರಿ?" ಎಂದಷ್ಟೇ ಕೇಳಿದ. "ಹೂನ್ರೀ, ಇದ ಅಲ್ಲೇನು ಹೊಳೆಮ್ಮನ ಬಾವಿ," ಎಂದ ಪಕ್ಕದಲ್ಲಿದ್ದ ಭರಮಣ್ಣ. "ಆಕಿ ಸೊಸಿಯಾಗಿ ಬಂದ ವರ್ಷ ಅವರ ಮಾವ ತೋಡ್ಸಿದ್ದು. ಈಗ ಆಕಿ ಹೊಲದಾಗಿರೋದಕ್ಕ ಹೊಸ ಬಾವಿ ಅಂತೀವಿ. ಮೇಡಮ್ಮಾರು ಕೇಳಿದ್ರು, ಹಂಗ ಬರೆಸಿದೆ. ನಿಮ್ಮಪ್ಪ ಜಾಗ ಕೊಂಡ್ರು, ಹೆಸರು ಕೊಳ್ಳಲಿಲ್ಲ ನೋಡ್ರಿ. ನಿಮ್ಮ ಮುಂದ ಮಾತ್ರ ನಾವು ಹಂಗ ಅನ್ನಂಗಿಲ್ಲ."